ಅಕ್ಕನ ಪಾಲಿನ ಮಣ್ಣು

ಜೂನ್ 4, ಬೆಳಗ್ಗೆ ಏಳು

ಮತ್ತೆ ನಾನೇ. ಎರಡೂ ಕೈಗೆ ಗ್ರೀಸು, ಡೈರಿ ಬರೆಯೋಕಾಗಲ್ಲ, ಫೋನನ್ನು ಟೂಲ್ ಬಾಕ್ಸಿಗೆ ಒರಗಿಸಿ ರೆಕಾರ್ಡ್ ಮಾಡ್ತಿದ್ದೀನಿ. ಅಕ್ಕ ಹಿತ್ತಲಲ್ಲಿ ನೆಟ್ಟ ಟೊಮೆಟೊ ಸಸಿ ಮೂರನೇ ಸಲ ಸತ್ತವು. ತನ್ನ ಕೈಗುಣವೇ ಸರಿಯಿಲ್ಲ ಅಂದಳು. ನಾನು ಹೂಂ ಅಂದೆ. ಹೂಂ ಅಂದುಬಿಟ್ಟೆನಲ್ಲ... ಇಪ್ಪತ್ತು ವರ್ಷ ಗ್ಯಾರೇಜಿನ ಕೆಟ್ಟ ಆಯಿಲ್ ನಾನು ಸುರಿದಿದ್ದು ಅಲ್ಲೇ. ಪಾಲಾದಾಗ ಗ್ಯಾರೇಜು ನನಗೆ, ಹಿತ್ತಲು ಅವಳಿಗೆ. ಆಗಲೂ ಬಾಯಿ ಬಿಡಲಿಲ್ಲ.

ಜೂನ್ 9

ಮಣ್ಣು ಪರೀಕ್ಷೆ ಲ್ಯಾಬಿನ ಮೇಡಂ ಸರ್ವಿಸಿಗೆ ಸ್ಕೂಟರ್ ತಂದಿದ್ದರು, ಆಯಿಲ್ ಕುಡಿದ ಮಣ್ಣಿಗೆ ಏನು ಮದ್ದು ಅಂತ ಕೇಳಿದೆ. ‘ಯಾರದೋ’ ಹಿತ್ತಲು ಅಂದೆ. ನನ್ನ ಉಗುರಿನ ಆಯಿಲ್ ಕಪ್ಪು ನೋಡಿ ನಕ್ಕರು. ಅಣಬೆ ಹಾಕಿ ಅಂದರು. ಗಟ್ಟಿ ಮರವನ್ನೇ ಕರಗಿಸೋ ರಸ ಅದರ ಬಿಳಿ ಎಳೆಗಳಿಂದ ಒಸರುತ್ತಂತೆ. ಅದೇ ರಸ ಆಯಿಲನ್ನೂ ಚೂರು ಚೂರು ಕಡಿಯುತ್ತೆ. ಊಟ ಹೊರಗೇ ಅರಗಿಸಿ, ಆಮೇಲೆ ಒಳಗೆ ಹೀರೋದು! ಹೊಟ್ಟೆ ಹೊರಗಿಟ್ಟುಕೊಂಡು ಬದುಕೋ ಪ್ರಾಣಿ... ಪ್ರಾಣಿಯೂ ಅಲ್ಲ, ಗಿಡವೂ ಅಲ್ಲ ಅಂದರು. ಇನ್ನೇನು ಮತ್ತೆ?

ಜೂನ್ 12

ಅಕ್ಕನಿಗೆ ಅಣಬೆ ಬೆಳೀತೀನಿ ಅಂತಷ್ಟೇ ಹೇಳಿದೆ. ಸ್ಪ್ಯಾನರ್ ಹಿಡಿಯೋನಿಗೆ ಬೇಸಾಯದ ಹುಚ್ಚು ಅಂತ ಆಡಿಕೊಂಡಳು. ಹಿತ್ತಲ ಮೂಲೆ ಅಗೆದು ಗುಡ್ಡೆ ಮಾಡಿದೆ. ಮಣ್ಣು, ಒದ್ದೆ ಹುಲ್ಲು, ಅಣಬೆ ಬೀಜ — ಪದರ ಪದರ. ಮೇಲೆ ಟಾರ್ಪಾಲು, ಸುತ್ತ ಹಳೇ ಟೈರಿನ ಟ್ಯೂಬು ಬಿಗಿದೆ. ಒಂದು ಹನಿ ಲೀಕಿಲ್ಲ. ಮೂವತ್ತು ವರ್ಷ ಪಳಗಿದ ಕೈ.

ಜುಲೈ 1

ಗುಡ್ಡೆ ಕೊಳೆತು ನಾರುತ್ತಿದೆ. ಮೇಡಂ ಬಂದು ನೋಡಿ, “ಅದಕ್ಕೂ ಉಸಿರು ಬೇಕಲ್ರೀ” ಅಂದರು. ಲೀಕ್ ನಿಲ್ಲಿಸಿ ಅನ್ನ ತಿಂದವನು ನಾನು. ಆದರೂ ದಿನಾ ಏರ್ ಫಿಲ್ಟರ್ ಊದುವವನಿಗೆ ಇಷ್ಟು ಹೊಳೀಬಾರದಾ? ಟಾರ್ಪಾಲಿಗೆ ತೂತು ಕೊರೆದೆ. ಎಲ್ಲ ಮೊದಲಿಂದ.

ಜುಲೈ 19

ಬಂತು. ಹತ್ತಿ ಹಿಂಜಿ ಹಾಸಿದ ಹಾಗೆ ಬಿಳಿ ಎಳೆ, ಕಪ್ಪು ಮಣ್ಣಿನ ಹೆಂಟೆ ಹೆಂಟೆಯನ್ನೂ ಹೊಕ್ಕಿದೆ. ಮೂಸಿದೆ. ಆಯಿಲ್ ವಾಸನೆ ಕಮ್ಮಿಯಾಗಿದೆಯೋ, ನನ್ನ ಆಸೆಯೋ...

ಸೆಪ್ಟೆಂಬರ್ 2

ಗುಡ್ಡೆ ಮಣ್ಣು ಕೊಟ್ಟಿದ್ದೆ, ಲ್ಯಾಬಿನ ಚೀಟಿ ಬಂತು. ಆಸೆಯಲ್ಲ, ನಿಜ. ಗುಡ್ಡೆಯಲ್ಲಿ ಆಯಿಲ್ ಅರ್ಧಕ್ಕೆ ಇಳಿದಿದೆ. ಟಾರಿನಂಥ ಜಿಗುಟು ಮಾತ್ರ ಹಟ ಹಿಡಿದು ಕೂತಿದೆ. ಮೇಡಂ ಇನ್ನೊಂದು ಹೇಳಿದರು — ಆಯಿಲ್ ಜೊತೆ ಬಂದ ಸೀಸ ಗೀಸ ಕರಗೋದಿಲ್ಲ, ಅಣಬೆಯೊಳಗೇ ಸೇರಬಹುದು. ಅಪ್ಪಿತಪ್ಪಿಯೂ ತಿನ್ನಬೇಡಿ ಅಂದರು.

ಸೆಪ್ಟೆಂಬರ್ 5, ಬೆಳಗ್ಗೆ ಹತ್ತು

ಅಣಬೆ ಕೊಡೆ ಬಿಚ್ಚಿವೆ. ಗೊಂಚಲು ಗೊಂಚಲು. ಗುಡ್ಡೆ ಪಕ್ಕದಲ್ಲೇ ನಿಂತು ರೆಕಾರ್ಡ್ ಮಾಡ್ತಿದ್ದೀನಿ. ಅಯ್ಯೋ... ಅಕ್ಕ. ಚಾಕು, ಪಾತ್ರೆ ಎರಡೂ ಹಿಡಿದು ಬರ್ತಿದ್ದಾಳೆ. ತಿನ್ನಬೇಡ ಅಂದರೆ ಯಾಕೆ ಅಂತಾಳೆ. ಏನಾದರೂ ಸುಳ್ಳು...

“ನನ್ನ ಮಣ್ಣಲ್ಲೂ ಏನೋ ಒಂದು ಬೆಳೀತು ನೋಡೋ.”

“ಅಕ್ಕಾ, ಚಾಕು ಕೆಳಗಿಡು. ಅದು ತಿನ್ನೋದಲ್ಲ.”

“ಯಾಕೋ?”

“ಕೂತ್ಕೋ ಇಲ್ಲಿ. ನಿನ್ನ ಕೈಗುಣ ಚೆನ್ನಾಗೇ ಇದೆ ಕಣೇ. ಇಪ್ಪತ್ತು ವರ್ಷ ಈ ಜಾಗದಲ್ಲಿ ನಾನು —”