ಮಲ್ಕಮ್ಮನ ಪದಕ್ಕೆ ಮಲ್ಕಮ್ಮನ ಹೆಸರು

ಆಳಂದ
ಸೋಮವಾರ, ೧೦ ಫೆಬ್ರವರಿ ೧೯೮೬

ಪ್ರೀತಿಯ ಮಲ್ಕಮ್ಮಕ್ಕನಿಗೆ,

ನಿನ್ನ ತಮ್ಮ ಚಂದ್ರಾಮನ ಜೈ ಭೀಮ್. ಇದನ್ನು ನಿನಗೆ ಓದಿ ಹೇಳುತ್ತಿರುವ ನೆರೆಮನೆಯ ಖುರ್ಷಿದಳಿಗೆ ಸಲಾಮ್. ಎಳ್ಳಮಾವಾಸ್ಯೆಗೇ ಬರೆಯುತ್ತೇನೆ ಎಂದಿದ್ದೆ, ಬರೆಯಲಿಲ್ಲ. ನೆಪ ಹೇಳುವುದಿಲ್ಲ. ಬರೆಯಲು ಒಳ್ಳೆಯ ಸುದ್ದಿ ಇರಲಿಲ್ಲ, ಕೆಟ್ಟ ಸುದ್ದಿ ಬರೆಯುವ ಧೈರ್ಯ ಇರಲಿಲ್ಲ. ಈಗ ಸುದ್ದಿ ಇದೆ, ಕೈ ನಿಲ್ಲುತ್ತಿಲ್ಲ. ಆದರೂ ಮೊದಲು ಪರಿಷತ್ತಿನವರು ಏನೇನು ಮಾತು ಕೊಟ್ಟರು, ಏನೇನು ಇಲ್ಲವೆಂದರು, ಅದನ್ನು ಹೇಳಿಬಿಡುತ್ತೇನೆ.

ಗೊಬ್ಬೂರಿನಲ್ಲಿ ಗೀಗೀ ಪದದ ಶಾಲೆ ತೆರೆಯುತ್ತೇವೆ ಎಂದಿದ್ದರು. ತೆರೆಯಲಿಲ್ಲ. ಆ ಶಾಲೆಗೆ ಮಲ್ಕಮ್ಮನೇ ಗುರು ಎಂದಿದ್ದರು. ಆಮೇಲೆ, ಪದ ಕಟ್ಟಿದವರು ಗುರು ಆಗಬಹುದು, ಬರೇ ಹಾಡಿದವರು ಆಗುವುದಿಲ್ಲ ಎಂದರು. ಕಲಾವಿದರ ಪಟ್ಟಿಯಲ್ಲಿ ಕವಿ ಎಂದು ನಿನ್ನ ಹೆಸರು ಬರೆಯುತ್ತೇವೆ ಎಂದಿದ್ದರು. ಬರೆದದ್ದು ‘ಮಲ್ಕಮ್ಮ, ಗೊಬ್ಬೂರ, ಹಾಡುವವಳು’. ಯಾಕೆ ಎಂದು ಕೇಳಿದರೆ ಪತ್ರ ಕಳಿಸುತ್ತೇವೆ ಎಂದರು. ಆ ಪತ್ರವೂ ಬರಲಿಲ್ಲ.

ನಮ್ಮ ಮೂರು ತಾಲೂಕುಗಳ ಕಲಾ ಪರಿಷತ್ತು ಹುಟ್ಟಿ ಈಗ ಎರಡು ವರ್ಷ. ಆಳಂದ, ಅಫಜಲಪುರ, ಜೇವರ್ಗಿ. ನಾನೂ ಅದರ ಸದಸ್ಯ ಎಂಬುದು ನಿನಗೆ ಗೊತ್ತು. ಸಭೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಬೈಯುವವನು ನಾನೇ, ಆದರೆ ಸುಳ್ಳು ಬೈಯುವುದಿಲ್ಲ. ಜೇವರ್ಗಿ ಕಡೆಯ ಬಯಲಾಟದವರು ಎಂಟು ವರ್ಷ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ಆಟವನ್ನು ಪರಿಷತ್ತು ಮತ್ತೆ ಆಡಿಸಿತು. ಮೊಹರಂ ಪದ ಹಾಡುವವರಿಗೆ ಕೂತು ಕಲಿಯಲು ಕೋಣೆ ಕೊಟ್ಟಿತು. ಒಂದೇ ಚಾಪೆಯ ಮೇಲೆ ಎಲ್ಲ ಜಾತಿಯವರನ್ನೂ ಕೂರಿಸಿತು. ಅದಕ್ಕೇ ನಾನು ಅಲ್ಲಿ ಉಳಿದಿರುವುದು. ಅದಕ್ಕೇ ಅವರು ನಿನಗೆ ಇಲ್ಲ ಎಂದಾಗ ನನ್ನ ಮೈ ಉರಿದದ್ದು. ಹತ್ತಿ ಬಿಡಿಸಲು ಹೋಗುವ ನಿನ್ನ ಓಣಿಯ ಹೆಣ್ಣುಮಕ್ಕಳು ಸಂಜೆ ನಿನ್ನ ಅಂಗಳದಲ್ಲಿ ದಪ್ಪು ಹಿಡಿದು ಕಲಿಯಬೇಕು, ಕಲಿಸುವಾಕೆ ಕವಿ ಎಂದು ಊರೇ ಕರೆಯಬೇಕು. ಇಷ್ಟೇ ನಾನು ಕೇಳಿದ್ದು.

ನಿನ್ನೆ ಭಾನುವಾರ ಸಭೆ ಸೇರಿತ್ತು. ನಾನು ಕೂರಲೂ ಇಲ್ಲ.

“ಮಲ್ಕಮ್ಮನ ಹೆಸರಿನ ಮುಂದ ಕವಿ ಅಂತ ಬರೀರಿ. ಇಲ್ಲಂದ್ರ ನನ್ನ ಹೆಸರು ಹೊಡದು ಹಾಕ್ರಿ,” ಎಂದೆ.

ಅಧ್ಯಕ್ಷ ಶಿವರಾಯರು ತೊಗರಿ ಅಡತಿ ಅಂಗಡಿಯವರು. ಕೆಟ್ಟ ಮನುಷ್ಯ ಅಲ್ಲ, ಕಾಗದದಲ್ಲಿ ಇದ್ದದ್ದನ್ನು ಮಾತ್ರ ನಂಬುವ ಮನುಷ್ಯ.

“ಮಾಸ್ತರ, ಕೂತು ಬೈರಿ. ನಿಂತು ಬೈದ್ರ ಕಾಲು ನೋಯ್ತಾವ,” ಎಂದರು. ಎಲ್ಲರೂ ನಕ್ಕರು. ಅವರು ನಗುತ್ತಲೇ ಮೇಜಿನ ಖಾನೆ ಎಳೆದು ಒಂದು ಸಣ್ಣ ಪುಸ್ತಕ ತೆಗೆದರು. ಅಕ್ಕಾ, ಅದು ನಮ್ಮದೇ ಪುಸ್ತಕ. ಎಪ್ಪತ್ತೊಂಬತ್ತರಲ್ಲಿ ನಮ್ಮ ದಲಿತ ಸಂಘಟನೆ ಅಚ್ಚು ಹಾಕಿಸಿದ ಹೋರಾಟದ ಹಾಡುಗಳು.

“ಇದು ನಿಮ್ಮದ ಹೌದಿಲ್ರಿ?”

“ಹೌದ್ರಿ.”

“ಹನ್ನೆರಡನೇ ಪುಟ ನೋಡ್ರಿ. ‘ಕುಡಗೋಲಿನ ಪದ’ ಅಂತದ. ಕೆಳಗ ಏನದ? ‘ಜನಪದ’ ಅಂತದ. ಜನಪದ ಅಂದ್ರ ಊರ ಮಂದೀದು. ಊರ ಮಂದಿ ಪದಕ್ಕ ಒಬ್ಬಾಕಿ ಕವಿ ಹ್ಯಾಂಗ ಆಗ್ತಾಳ್ರಿ? ನಿಮ್ಮ ಪುಸ್ತಕಾನ ನಿಮಗ ಎದುರು ಸಾಕ್ಷಿ ಹೇಳಾಕತ್ತದ, ನಾ ಏನ್ ಮಾಡ್ಲಿ?”

ಹತ್ತು ವರ್ಷ ಬೀದಿಯಲ್ಲಿ ನಿಂತು ತಹಶೀಲ್ದಾರರ ಬಾಯನ್ನೂ ಗೌಡರ ಬಾಯನ್ನೂ ಮುಚ್ಚಿಸಿದವನು ನಾನು. ಆ ತೊಗರಿ ವ್ಯಾಪಾರಿಯ ಮುಂದೆ ಚಾಪೆಯ ಮೇಲೆ ಕೂತುಬಿಟ್ಟೆ.

ಆಗ ಎದ್ದವರು ಲಾಡ್ಲೆಸಾಬ ಕಾಕಾ. ಮೊಹರಂ ಪದಗಳ ಹಿರಿಯ, ಎಪ್ಪತ್ತು ದಾಟಿದವರು, ಕಿವಿ ತುಸು ಮಂದ. ಅಲ್ಲಿಯವರೆಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆವು.

“ಅದ್ಯಾವ ಪದ? ಪೂರಾ ಓದ್ರಿ, ಕೇಳೂಣು,” ಎಂದರು.

ನಿವೃತ್ತ ಮುಖ್ಯೋಪಾಧ್ಯಾಯಿನಿ ಶಾರದಾಬಾಯಿ ಪುಸ್ತಕ ತೆಗೆದುಕೊಂಡು ದೊಡ್ಡ ದನಿಯಲ್ಲಿ ಓದಿದರು. ‘ತೆನಿ ಕೊಯ್ದಾಕಿ ನಾನು, ರಾಶಿಗಿ ಹೆಸರು ನಿಂದ್ಯಾಕ.’ ಅಕ್ಕಾ, ಆ ಸಾಲಿಗೆ ಶಿವರಾಯರೂ ತಲೆದೂಗಿದರು. ನಾಲ್ಕು ನುಡಿ ಓದಿ ಬಾಯಿಯವರು ಪುಸ್ತಕ ಮುಚ್ಚಿದರು.

“ಮುಂದ?” ಎಂದರು ಕಾಕಾ.

“ಮುಗೀತ್ರಿ ಕಾಕಾ.”

“ಹ್ಯಾಂಗ ಮುಗೀತದ್ರಿ ಬಾಯಾರ? ಇದು ಮೇಳದ ಪದ. ಮೇಳದ ಪದದಾಗ ಕೊನೀ ನುಡ್ಯಾಗ ಕಟ್ಟಿದವರ ಹೆಸರು ಬರಬೇಕು, ಊರು ಬರಬೇಕು. ಹೆಸರು ಹೇಳಲಾರ್ದ ಎದ್ರ ಎದುರಿನ ಮೇಳದವರು ‘ಕದ್ದ ಪದ, ಕದ್ದ ಪದ’ ಅಂತ ಚಪ್ಪಾಳಿ ಹೊಡೀತಾರ. ಇದರ ಕುತ್ತಿಗಿ ಯಾರೋ ಕೊಯ್ದಾರ.”

ಕಾಕಾ ಅಷ್ಟಕ್ಕೇ ಬಿಡಲಿಲ್ಲ.

“ಈ ಪದ ನಾ ಕೇಳೇನಿ. ಅತನೂರದಾಗ ಸವಾಲ್-ಜವಾಬ್ ಇತ್ತು. ಇಪ್ಪತ್ತು ವರ್ಷದ ಮಾತು. ಎತ್ತರದ ಹೆಣ್ಮಗಳು, ಎಡಗೈಲೆ ದಪ್ಪು ಬಾರಸಾಕಿ. ಕೊನೀಗಿ ತನ್ನ ಹೆಸರು ಹೇಳಿ ಎಂಥಾ ಪೆಟ್ಟು ಹಾಕಿದಳಂದ್ರ, ಎದುರಿನ ಮೇಳದವ ಜವಾಬು ಮರತು ನೀರು ಕೇಳಿದ! ದತ್ತಪ್ಪನ ಮಗಳು ಮಲ್ಕಮ್ಮ ಅಂದಳು. ಅಷ್ಟು ನೆನಪದ. ಮುಂದಿಂದು ಮರ್ತೇನಿ. ಖರೇ ಹೇಳ್ತೇನಿ ಶಿವರಾಯರ, ನಾನೂ ಆವತ್ತ ನೀರು ಕುಡಿದೆ.”

ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ಎದೆಯೊಳಗೆ ಹಲಗಿ ಬಾರಿಸಿದ ಹಾಗಾಯಿತು. ನೀನು ಎಡಗೈಯಿಂದ ಬಾರಿಸುತ್ತೀ ಎಂದು ಇಡೀ ಆಳಂದದಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ!

ಶಿವರಾಯರು ಪೆನ್ನು ತೆಗೆದರು. “ಮಾಸ್ತರ, ನಿಮ್ಮಕ್ಕನ ಪದ. ಕೊನೀ ನುಡಿ ಹೇಳ್ರಿ, ಈಗ ಬರಕೋತೇನಿ.”

ಎದ್ದು ನಿಂತೆ. ‘ದಾರಿ ಕೇಳಿದ್ರ ಹೊಲದ ಬದುವು, ಊರು ಕೇಳಿದ್ರ ಗೊಬ್ಬೂರ, ದತ್ತಪ್ಪನ ಮಗಳು ಮಲ್ಕಮ್ಮ ಕಟ್ಟೇನಿ...’ ಎಂದು ಶುರು ಮಾಡಿದೆ. ಮುಂದೆ ಬರಲಿಲ್ಲ. ಎರಡು ಸಾಲು ನನ್ನ ನೆನಪಿನಿಂದ ಪೂರಾ ಹೋಗಿವೆ. ಆ ಎರಡು ಸಾಲು ಈಗ ಈ ಭೂಮಿಯ ಮೇಲೆ ನಿನ್ನ ಬಾಯಲ್ಲಿ ಮಾತ್ರ ಇವೆ.

ಆಮೇಲೆ ಶಾರದಾಬಾಯಿ ಎದ್ದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ದನಿ, ನಮ್ಮನ್ನೂ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆಯೇ ಹೇಳಿದರು. “ಬೀಸೂ ಪದ ಜನಪದ, ಹಂತಿ ಪದ ಜನಪದ, ಜೋಗುಳ ಜನಪದ. ಬರೆದು ಕೈ ತೊಳಕೊಂಡೀವಿ. ಒಂದೊಂದು ಪದ ಒಬ್ಬೊಬ್ಬರ ತಲ್ಯಾಗ ಹುಟ್ಟಿರಬೇಕಲ್ಲ? ಊರಿಗಿ ಹೋಗಿ ‘ಇದನ್ನ ಯಾರು ಕಟ್ಟೀರವ್ವ’ ಅಂತ ಒಮ್ಮೆರ ಕೇಳೀವೇನ್ರಿ?”

ಅಕ್ಕಾ, ಆ ಮಾತಿಗೆ ಸಭೆ ಬೆಂಕಿ ಹತ್ತಿದ ಹಾಗೆ ಎದ್ದಿತು! ಜೇವರ್ಗಿಯಿಂದ ಬಂದಿದ್ದವರು ತಮ್ಮ ಕಡೆಯ ಮೂವರು ಹೆಣ್ಣುಮಕ್ಕಳ ಹೆಸರು ಕೂಗಿ ಹೇಳಿದರು. ಇನ್ನೊಬ್ಬರು ತಮ್ಮ ಸತ್ತ ತಾಯಿಯ ಹೆಸರು ಹೇಳಿ, “ಸತ್ತವರದು ಬರೀತೀರೇನ್ರಿ?” ಎಂದು ಕೇಳಿ ಅಳತೊಡಗಿದರು. “ಬರೀತೇವಿ,” ಎಂದರು ಶಿವರಾಯರು. ಅಲ್ಲೇ, ಎಲ್ಲರ ಮುಂದೆ, ತಮ್ಮ ಕೈಯಾರೆ ಠರಾವು ಬರೆದು ಎರಡು ಸಲ ಓದಿದರು. ಮುಂದಿನ ಸಭೆ ಬಾಗಿಲು ತೆರೆದ ಸಭೆ, ಯಾರು ಬೇಕಾದರೂ ಬರಬಹುದು. ಅಲ್ಲಿ ಮಲ್ಕಮ್ಮ ತನ್ನ ಪದವನ್ನು ಕೊನೆಯ ನುಡಿಯವರೆಗೆ ಹಾಡಬೇಕು. ಅತನೂರಿನಲ್ಲಿ ಕೇಳಿದ್ದು ಇದೇ ಎಂದು ಲಾಡ್ಲೆಸಾಬ ಸಾಕ್ಷಿ ಹೇಳಬೇಕು. ಅಲ್ಲಿಯೇ ಅವಳ ಹೆಸರಿನ ಮುಂದೆ ಕವಿ ಎಂದು ಬರೆಯಬೇಕು, ಅದೇ ವಾರ ಗೊಬ್ಬೂರಿನಲ್ಲಿ ಶಾಲೆ ಶುರುವಾಗಬೇಕು. ಮತ್ತೆ ಇನ್ನು ಮುಂದೆ ಈ ಮೂರು ತಾಲೂಕುಗಳಲ್ಲಿ ಊರಿಗೆ ಹೋಗಿ ಕೇಳದೆ ಯಾವ ಪದದ ಕೆಳಗೂ ‘ಜನಪದ’ ಎಂದು ಬರೆಯಕೂಡದು.

ಎಲ್ಲ ಕೈಗಳೂ ಮೇಲೆದ್ದವು. ಚಾಪೆಯ ಮೇಲೆ ಕೂತವರ ಕೈ, ಹೊರಗೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದವರ ಕೈ. ಹೋರಾಟದಲ್ಲಿ ನಾವು ಎಷ್ಟೋ ಠರಾವು ಮಾಡಿದ್ದೇವೆ, ಇಂಥದ್ದನ್ನು ಮಾಡಿರಲಿಲ್ಲ. ಇದು ನಿನ್ನಿಂದ ಆದದ್ದು. ನೀನು ಅಲ್ಲಿ ಇರಲೂ ಇಲ್ಲ!

ಕೊನೆಗೆ ಶಿವರಾಯರು ಟೋಪಿ ಸರಿಮಾಡಿಕೊಳ್ಳುತ್ತ ಕೇಳಿದರು, “ಎಲ್ಲಾ ಖರೆ, ಆದ್ರ ಪುಸ್ತಕದಾಗ ಆ ನುಡಿ ಬಿಟ್ಟವರು ಯಾರ್ರಿ ಮಾಸ್ತರ?” ಪ್ರೆಸ್‌ನಲ್ಲಿ ಬಿಟ್ಟು ಹೋಗಿರಬೇಕು ಎಂದೆ. ಅಬ್ದುಲ್ ಗನಿಯವರ ಪ್ರೆಸ್ಸು ಅದು. ಅವರನ್ನು ಕೇಳೋಣ ಎಂದು ಬರೆದುಕೊಂಡು ಸಭೆ ಮುಗಿಸಿದರು.

ಮನೆಗೆ ಬಂದು ಭಾಗಮ್ಮನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. “ಅತ್ತಿಗಿ ಕವಿ ಅಂತ ನನಗ ಲಗ್ನದಾಗ ಗೊತ್ತಾಗ್ಯದ. ನನ್ನ ಮೂಗಿನ ಮ್ಯಾಲೆ ಪದ ಕಟ್ಟಿ ಹಂದರದಾಗ ಹಾಡಿದ್ರು. ಪರಿಷತ್ತಿನವರಿಗಿ ತಿಳೀಲಾಕ ಇಷ್ಟ ವರ್ಷ ಬೇಕಾದ್ವು ನೋಡ್ರಿ,” ಎಂದಳು. ನೀನು ಬಂದರೆ ಆ ಮೂಗಿನ ಪದವನ್ನೂ ಬರೆಸಬೇಕಂತೆ. ಕೆಳಗೆ ಹೆಸರು ಹಾಕಬೇಕಂತೆ, ಬೈಯುವುದಕ್ಕೆ ಆಳು ಗೊತ್ತಿರಲಿ ಎಂದು. ಮಕ್ಕಳು ಆರಾಮ ಇದ್ದಾರೆ. ಎಳೆ ಜೋಳದ ಸೀತನಿ ಸಿಕ್ಕರೆ ತರಲು ಹೇಳಿದ್ದಾರೆ.

ಸಭೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಕಲಬುರ್ಗಿಗೆ ಬಾ, ಅಲ್ಲಿಂದ ಆಳಂದ ಬಸ್ಸು ಹತ್ತು. ಖುರ್ಷಿದಳನ್ನೂ ಕರೆದುಕೊಂಡು ಬಾ, ಅವಳ ಹೊಲಿಗೆ ಒಂದು ದಿನ ನಿಂತರೆ ಗೊಬ್ಬೂರು ಬತ್ತಲೆ ತಿರುಗುವುದಿಲ್ಲ. ನಾನು ಬಸ್ ನಿಲ್ದಾಣದಲ್ಲಿ ನಿಂತಿರುತ್ತೇನೆ.

ನೀನು ಹಿರಿಯಳು, ನಿನಗೆ ಹರಸುವ ವಯಸ್ಸು ನನ್ನದಲ್ಲ. ಆದರೂ ನಿನ್ನ ದನಿ ಗಟ್ಟಿ ಇರಲಿ, ಮೊಣಕಾಲು ನೋವು ಇಳಿಯಲಿ. ನನ್ನ ತಲೆಯ ಮೇಲೆ ಕೈ ಇಡುವುದೋ ಬಿಡುವುದೋ, ಪತ್ರ ಪೂರ್ತಿ ಕೇಳಿದ ಮೇಲೆ ನೀನೇ ನೋಡು.

ನಿನ್ನ ತಮ್ಮ
ಚಂದ್ರಾಮ

ತಾ. ಕ.: ಖುರ್ಷಿದ, ಇಲ್ಲಿಂದ ಮುಂದೆ ನಿಧಾನವಾಗಿ ಓದು. ಅಕ್ಕ ಸಾಕು ಎಂದರೂ ನಿಲ್ಲಿಸಬೇಡ.

ಪ್ರೆಸ್‌ನಲ್ಲಿ ಬಿಟ್ಟು ಹೋದದ್ದಲ್ಲ. ಇವತ್ತು ಶಾಲೆ ಮುಗಿಸಿ ಅಬ್ದುಲ್ ಗನಿಯವರ ಹತ್ತಿರ ಹೋಗಿದ್ದೆ. ನಮ್ಮ ಸಂಘಟನೆಯ ಪುಸ್ತಕವನ್ನು ಯಾರೂ ಮುಟ್ಟದ ಕಾಲದಲ್ಲಿ ಅಚ್ಚು ಹಾಕಿ, ಪೊಲೀಸರ ಬೈಗುಳ ತಿಂದ ಮನುಷ್ಯ ಅವರು. ಪರಿಷತ್ತಿನವರು ಆಗಲೇ ಬಂದು ಕೇಳಿ ಹೋಗಿದ್ದರು. ಗನಿಯವರು ಅಚ್ಚಿನ ಮೊಳೆ ಜೋಡಿಸುತ್ತಲೇ ಹೇಳಿದರು: “ಮಾಸ್ತರ, ನಾ ಅಕ್ಷರ ಜೋಡಸಾಂವ. ಮಂದಿ ಹೆಸರು ತಿನ್ನಾಂವ ಅಲ್ಲ. ನೀವು ಕೊಟ್ಟ ಹಾಳ್ಯಾಗ ಎಷ್ಟಿತ್ತೋ ಅಷ್ಟ ಹಾಕೇನಿ.” ತಲೆ ಎತ್ತಿ ನನ್ನನ್ನು ನೋಡಲಿಲ್ಲ.

ಆ ಹಾಳೆ ಕೊಟ್ಟವನು ನಾನು. ಕೊನೆಯ ನುಡಿಯನ್ನು ಕೆಂಪು ಪೆನ್ಸಿಲ್ಲಿನಿಂದ ಹೊಡೆದು ಹಾಕಿದವನು ನಾನು. ಆ ಹಾಳೆ ಈಗ ಉಳಿದಿಲ್ಲ. ಪುಸ್ತಕ ತಂದ ದಿನ ಖುರ್ಷಿದ ಓದಿದಳು, ನೀನು ಕೇಳಿದೆ: “ನನ್ನ ಹೆಸರೆಲ್ಲದಲೇ ಚಂದ್ರಾಮ?” ನಾನು ದೊಡ್ಡವನ ಹಾಗೆ ಹೇಳಿದೆ: “ಹೋರಾಟದಾಗ ಒಬ್ಬರ ಹೆಸರು ಅಂತ ಇರಲ್ಲಕ್ಕ, ಎಲ್ಲಾ ಮಂದೀದು.” ಆಗ ಖುರ್ಷಿದ ಪುಸ್ತಕ ಮಗುಚಿ ಹೊದಿಕೆ ಓದಿದಳು. ‘ಸಂಪಾದಕ: ಚಂದ್ರಾಮ ಗೊಬ್ಬೂರ’. ನೀನು ಎದ್ದು ಒಲೆಯ ಕಡೆ ಹೋದೆ. ಅವತ್ತಿನಿಂದ ನನ್ನೆದುರು ಆ ಪದ ಹಾಡಿಲ್ಲ. ನನಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಏಳು ವರ್ಷ ನಿನ್ನ ಕೈಯ ರೊಟ್ಟಿ ಉಂಡೆ.

ಎಲ್ಲ ಮಂದಿಯದು ಎಂಬ ಆ ಸಿದ್ಧಾಂತವೂ ಸುಳ್ಳು ಅಕ್ಕಾ. ನನಗೆ ನಾಚಿಕೆಯಾಗಿತ್ತು. ದತ್ತಪ್ಪನ ಮಗಳು ಎಂದು ಅಚ್ಚಾದರೆ ನೀನು ನನ್ನ ಅಕ್ಕ ಎಂದು ಕಲಬುರ್ಗಿಯ ಗೆಳೆಯರಿಗೆ ತಿಳಿಯುತ್ತಿತ್ತು. ಮೇಳದಾಕೆ ಎಂಬ ಮಾತನ್ನು ಮಂದಿ ಎಂಥ ನಾಲಿಗೆಯಿಂದ ಆಡುತ್ತಾರೆ ನಿನಗೆ ಗೊತ್ತು. ಆ ನಾಲಿಗೆಗೆ ಹೆದರಿದೆ. ಜಾತಿ ಕೇಳಿದವನ ಅಂಗಿ ಹಿಡಿದು ಎಳೆದ ಕೈ ಇದು. ಅದೇ ಕೈ ಸ್ವಂತ ಅಕ್ಕನ ಹೆಸರು ಅಳಿಸಿತು. ನಿನಗೆ ಇಲ್ಲ ಎಂದವರು ಪರಿಷತ್ತಿನವರಲ್ಲ. ಅವರಿಗಿಂತ ಏಳು ವರ್ಷ ಮೊದಲು ಇಲ್ಲ ಎಂದವನು ನಾನು.

ಸಭೆಯಲ್ಲಿ ನಿನ್ನ ಪದಕ್ಕಿಂತ ಮೊದಲು ನಾನು ಎದ್ದು ಇದನ್ನು ಹೇಳುತ್ತೇನೆ. ಅಬ್ದುಲ್ ಗನಿಯವರ ಮುಂದೆ, ಸಂಘಟನೆಯ ಗೆಳೆಯರ ಮುಂದೆ. ಅವರೆಲ್ಲರಿಗೂ ಬರಲು ಕಾಗದ ಹಾಕಿದ್ದೇನೆ. ಸಭೆಯ ನಡಾವಳಿಯಲ್ಲಿ ನನ್ನ ಹೆಸರು ಹಾಕಿ ಬರೆಯಿರಿ ಎನ್ನುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ನೀನು ಬರದೆ ಇದ್ದರೆ ತಪ್ಪು ನಿನ್ನದಲ್ಲ, ಆದರೆ ಆ ಎರಡು ಸಾಲು ನನ್ನಿಂದಾಗುವುದಿಲ್ಲ. ನನ್ನ ಸಲುವಾಗಿ ಬರಬೇಡ. ನಿನ್ನ ಹೆಸರಿನ ಸಲುವಾಗಿ ಬಾ.

ಪರಿಷತ್ತಿನ ಕೋಣೆ, ಆಳಂದ ಬಸ್ ನಿಲ್ದಾಣದ ಹಿಂದೆ. ಭಾನುವಾರ, ಫೆಬ್ರವರಿ ಇಪ್ಪತ್ತಮೂರು, ಬೆಳಗ್ಗೆ ಹನ್ನೊಂದು ಗಂಟೆ.