ಬೇವಿನ ಮರದ ಕಡೆ ಕಿಟಕಿ

ಫೆಬ್ರವರಿ 8, ಭಾನುವಾರ
ಆರ್ಗನ್ ಧೂಳು ಕುಡಿದು ಕೆಮ್ತಿದೆ. ನನ್ನಂಗೇ. ಹಾಸ್ಟೆಲ್ ಹುಡುಗೀರು ಸಾಲಾಗಿ ಚಾಪೆಲ್‌ಗೆ ಬಂದ್ರು — ಅರ್ಧ ಭಕ್ತಿ, ಅರ್ಧ ನಿದ್ದೆ. ಹಳೇ ಹೈಲೈಫ್ ಕುಣಿತದ ಹಾಡೊಂದನ್ನ ಆಮೆ ನಡಿಗೆಗೆ ಇಳಿಸಿ ನುಡಿಸ್ದೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಯುಲಾಲಿಯಾ ಕಣ್ಮುಚ್ಚಿ, "ಎಂಥಾ ದೈವಿಕ ರಾಗ, ಅಟೋ ಅವರೇ!" ಅಂದ್ರು. ಬಾರಲ್ಲಿ ಹುಟ್ಟಿದ್ದು ಸಿಸ್ಟರ್, ಬಲಿಪೀಠಕ್ಕೆ ಬಡ್ತಿ ಸಿಕ್ಕಿದೆ... ಹೇಳಲಿಲ್ಲ.

ಆಮೇಲೆ ನೋಟೀಸು. ಮುಸ್ಲಿಂ ಹುಡುಗೀರು ಇನ್ಮೇಲೆ ಚಾಪೆಲ್‌ಗೆ ಬರಬೇಕಿಲ್ಲ. ಇಷ್ಟು ವರ್ಷ ತಪ್ಪಿಸಿಕೊಂಡ್ರೆ ಮಚ್ಚು ಕೊಟ್ಟು ಹುಲ್ಲು ಸವರಿಸ್ತಿದ್ರು. ಒಳ್ಳೇದೇ ಆಯ್ತು. ಆದ್ರೆ ಮೆಮುನಾತು? ಅಪ್ಪ-ಅಮ್ಮಂದಿರು ನೋಡೋಕೆ ಬರೋ ವಿಸಿಟಿಂಗ್ ಭಾನುವಾರ ಒಂಟಿಯಾಗಿ ಹಾಡೋಳು ಅವಳೇ. ಅಂಥ ಗಂಟಲು ಇನ್ನೊಂದಿಲ್ಲ.

ಫೆಬ್ರವರಿ 11
ಮೆಮುನಾತುನ ಕೇಳ್ದೆ. "ಬರ್ತೀಯೇನೇ?"

"ಗೊತ್ತಿಲ್ಲ ಅಂಕಲ್. ಬಲವಂತ ಇದ್ದಾಗ ಆರಾಮಾಗಿ ಹಾಡ್ತಿದ್ದೆ. ಈಗ ಹಾಡಿದ್ರೆ ನಾನೇ ಬೇಕಂತ ಹಾಡ್ದಂಗೆ. ಅಪ್ಪಂಗೆ ಗೊತ್ತಾದ್ರೆ ಟ್ರಂಕ್ ಸಮೇತ ನಮ್ಮೂರು ತಮಾಲೆಗೆ ಎಳ್ಕೊಂಡ್ ಹೋಗ್ತಾರೆ."

"ಹಾಡೋದು ದೇವರಿಗೋ, ನನಗೋ?"

"ನೀವು ಯಾರಿಗೆ ನುಡಿಸ್ತೀರಿ?"

ಕತ್ತೆಮರಿ! ಸ್ವರ ಗೊತ್ತು ನಂಗೆ. ವರ ಕೊಡೋನು...?

ಫೆಬ್ರವರಿ 18, ಬೂದಿ ಬುಧವಾರ
ನಮ್ಮ ಹಣೆಗೆ ಬೂದಿ, ಉಪವಾಸ ಶುರು. ಮುಸ್ಲಿಂ ಹುಡುಗೀರ ಉಪವಾಸವೂ ಇದೇ ವಾರ. ಗಂಜಿ ಮಿಕ್ಕಿತು. ಅಡುಗೆಯವಳು: "ಇಬ್ರು ದೇವರೂ ಸೇರ್ಕೊಂಡು ನನ್ನ ಪಾತ್ರೆ ಮೇಲೇ ಬಿದ್ದವ್ರೆ!"

ಮೆಮುನಾತು ಪ್ರಾಕ್ಟೀಸಿಗೆ ಬರಲಿಲ್ಲ. ಅವಳ ಸಾಲನ್ನ ಬೇರೆ ಯಾರಿಗೂ ಕಲಿಸ್ಲಿಲ್ಲ. ಹಟ... ಯಾರ ಮೇಲೆ?

ಫೆಬ್ರವರಿ 22, ವಿಸಿಟಿಂಗ್
ಅವಳು ಒಳಗಿಲ್ಲ. ಕಿಟಕಿಯಾಚೆ, ಬೇವಿನ ಮರದ ಕೆಳಗೆ ಅಪ್ಪನ ಪಕ್ಕ ಕೂತಿದ್ಲು. ಅವಳ ಸಾಲು ಬಂತು. ಸ್ವರ ಹಿಡಿದು ಕೂತೆ. ಹಿಡಿದೇ ಕೂತೆ. ಸಿಸ್ಟರ್ ಕೆಕ್ಕರಿಸಿದ್ರು.

ಹೊರಗಿಂದ ಗಂಡುದನಿ. ದಪ್ಪ. ಪದಕ್ಕೆ ಪದ ಸರಿ. ಅವಳಪ್ಪ! ತಲೇಲಿ ಹಜ್ ಮಾಡಿಬಂದೋರ ಟೋಪಿ, ಕೈಲಿ ಜಪಮಣಿ. ನಡುವೆ ಮಗಳೂ ಸೇರ್ಕೊಂಡ್ಲು.

ಮುಗಿದ ಕೂಡ್ಲೇ ಓಡಿದೆ. "ಅಲ್ಹಾಜಿ, ನಿಮಗೆ ಹೆಂಗೆ—"

"ಮಿಷನ್ ಹಾಸ್ಟೆಲಲ್ಲಿ ಬೆತ್ತ ಹಿಡಿದು ಕಲಿಸಿದ್ರು, ಮೇಷ್ಟ್ರೇ. ಮರೆಯೋಕೆ ನೋಡ್ದೆ, ಆಗ್ಲಿಲ್ಲ. ನೀವು ಅಷ್ಟಕ್ಕೇ ನಿಂತ್ರಲ್ಲ, ಬಾಯಿ ತಾನಾಗೇ ಹೊರಟುಬಿಡ್ತು." ನಗಲಿಲ್ಲ. ಬೈಯಲೂ ಇಲ್ಲ. "ಹಾಡ್ತೀಯಾ ಅಂತ ನನ್ನನ್ನ ಯಾರೂ ಕೇಳಿರ್ಲಿಲ್ಲ. ಇವಳನ್ನ ಕೇಳಿ."

ಮೆಮುನಾತು ನೆಲ ನೋಡಿದ್ಲು. "ಹಾಡ್ತೀನಿ. ಒಳಗೆ ಬರಲ್ಲ. ಇಲ್ಲಿಂದ್ಲೇ."

ಅಪ್ಪ ಒಬ್ರೇ ಬಸ್ ಹತ್ತಿದ್ರು. ಗೆದ್ದೋರು ಯಾರು?

ಮಾರ್ಚ್ 1, ಉಪದೇಶದ ಹೊತ್ತು
ಆರ್ಗನ್ ಮರೆಯಲ್ಲಿ ಬರೀತಿದೀನಿ. ಬೆಳಿಗ್ಗೆ ಸಿಸ್ಟರ್ ಆಜ್ಞೆ: "ಹಾಡೋಳು ಒಳಗೆ ಬರಲಿ, ಇಲ್ಲಾಂದ್ರೆ ಬಾಯಿ ಮುಚ್ಚಲಿ. ಮರದ ಕಡೆ ಕಿಟಕಿ ಹಾಕ್ಬಿಡಿ, ಧೂಳು."

ನಾನು ಹಾಕಲಿಲ್ಲ ಅಂತ ಈಗ ತಾವೇ ಎದ್ದಿದಾರೆ. ಹಿಡಿ ತಿರುಗಿಸ್ತಿದಾರೆ... ತಿರುಗಿಸ್ತಾನೇ ಇದಾರೆ... ಪಾಪ. ಕಿಟಕಿ ಮುಚ್ಚೋ ಗಾಜಿನ ಪಟ್ಟಿ ಅಷ್ಟನ್ನೂ ಮೊದಲೇ ಕಳಚಿ ನನ್ನ ಬೆಂಚಿನ ಪೆಟ್ಟಿಗೇಲಿಟ್ಟು, ಮೇಲೆ ನಾನೇ ಕೂತಿದೀನಿ.

ಮರದ ಕೆಳಗೆ ಅವಳು ಗಂಟಲು ಸರಿಮಾಡ್ಕೊಂಡ್ಲು. ಯಾರಿಗೆ ನುಡಿಸ್ತೀನೋ ಇನ್ನೂ ಗೊತ್ತಿಲ್ಲ. ಪಾದ್ರಿ ಆಮೆನ್ ಅಂದ್ರು. ನನ್ನ ಸರದಿ—