ಟೀಚರ್ ಬಾರದ ಮೀಟಿಂಗ್

ಎಜುಕೇಶನ್ ಹಿಲ್, ರೆಡ್ಮಂಡ್
ಮಂಗಳವಾರ, ಮಾರ್ಚ್ 10, 2026

ಪ್ರೀತಿಯ ಅಖಿಲ್,

ಕೆಮ್ಮು ಹೇಗಿದೆ? ಅತ್ತೆ ಮಾಡಿಕೊಟ್ಟ ಕಷಾಯ ಕುಡಿದೆಯಾ, ಇಲ್ಲ ಅವರು ಆಚೆ ತಿರುಗಿದಾಗ ಸಿಂಕಿಗೆ ಸುರಿದೆಯಾ? ಅಮೆರಿಕದ ವೀಸಾ ಸ್ಟಾಂಪಿಂಗ್ ಆಗುವವರೆಗೆ ನೀನು ಮೈಸೂರು ಬಿಡುವಂತಿಲ್ಲ, ಅದಕ್ಕೆ ನಿನ್ನನ್ನು ಬಯ್ಯುವುದಿಲ್ಲ. ಬಯ್ಯುವುದಕ್ಕೆ ಬೇರೆ ಕಾರಣ ಇದೆ. ಫೋನಿನಲ್ಲಿ ಶುರು ಮಾಡಿದರೆ ಜಗಳವೇ ಆಗುತ್ತದೆ, ಮೈತ್ರಿ ಪಕ್ಕದಲ್ಲೇ ಇರುತ್ತಾಳೆ. ನಿನ್ನ ಮಗಳಿಗೆ ಎಂಟು ತುಂಬಿದರೂ ಮಾತು ಕಡಿಮೆ, ಕಿವಿ ಮಾತ್ರ ಬಲು ಚುರುಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇವತ್ತು ಅವಳ ಐಇಪಿ ಮೀಟಿಂಗ್ ಇತ್ತಲ್ಲ. ಅವಳಿಗೆ ಸ್ಕೂಲಿನಲ್ಲಿ ಏನೇನು ಸಹಾಯ ಸಿಗಬೇಕು, ಯಾವ ಕ್ಲಾಸಿನಲ್ಲಿ ಕೂರಬೇಕು ಅಂತ ತೀರ್ಮಾನವಾಗುವ ಮೀಟಿಂಗಿಗೆ ಈ ಸಲ ನಾನೊಬ್ಬಳೇ. ಹೋಗಿ ನೋಡಿದರೆ ಸ್ಪೀಚ್ ಥೆರಪಿಸ್ಟ್ ಇದ್ದಾರೆ, ಸ್ಪೆಷಲ್ ಎಜುಕೇಶನ್ ಟೀಚರ್ ಇದ್ದಾರೆ, ಮೀಟಿಂಗ್ ನಡೆಸುವ ಕೋಆರ್ಡಿನೇಟರ್ ಇದ್ದಾರೆ. ದಿನವಿಡೀ ಅವಳ ಜೊತೆ ಇರುವ ಕ್ಲಾಸ್ ಟೀಚರ್ ಮಿಸೆಸ್ ಪೀಟರ್ಸನ್ ಮಾತ್ರ ಇಲ್ಲ. ಯಾಕೆ ಅಂತ ಕೇಳಿದರೆ, ಮೈತ್ರಿಯ ಅಪ್ಪ ಒಪ್ಪಿದ್ದಾರಲ್ಲ ಅಂತ ನಿನ್ನ ಸಹಿ ತೋರಿಸಿದರು. ಏನು ಮಾಡಿದೆ ಮಹರಾಯ! ಟೀಚರ್ ಬರದಿದ್ದರೂ ಪರವಾಗಿಲ್ಲ ಅಂತ ಫೋನಿನಲ್ಲೇ ಸಹಿ ಒತ್ತಿ, ಸಾಲದ್ದಕ್ಕೆ ‘ನೋ ಪ್ರಾಬ್ಲಮ್ ಮ್ಯಾಮ್, ಥ್ಯಾಂಕ್ ಯೂ’ ಅಂತ ಬೇರೆ ಬರೆದಿದ್ದೀಯ. ನನಗೊಂದು ಮಾತು ಹೇಳಬಾರದಿತ್ತಾ? ದೇವರಾಜ ಮಾರ್ಕೆಟ್ ಎದುರು ನಡುರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ, ಹಳೇ ಗಣಿತದ ಮೇಷ್ಟ್ರ ಕಾಲಿಗೆ ಬಿದ್ದು, ಹಿಂದಿನ ಬಸ್ ಡ್ರೈವರ್ ಕೈಲಿ ಬೈಸಿಕೊಂಡವನು ನೀನು. ಟೀಚರ್ ಏನಾದರೂ ಕೇಳಿದರೆ ಇಲ್ಲ ಅನ್ನುವುದಕ್ಕೆ ನಮ್ಮವರಿಗೆ ಬಾಯೇ ಬರುವುದಿಲ್ಲ. ಇವತ್ತಿನವರೆಗೆ ನನಗೂ ಬಂದಿರಲಿಲ್ಲ.

ಆಮೇಲೆ ನಿಜವಾದ ವಿಷಯ ಹೊರಗೆ ಬಂತು. ಮೈತ್ರಿಯನ್ನು ಈ ಕ್ಲಾಸಿನಿಂದ ತೆಗೆದು, ದಿನದ ಬಹುಪಾಲು ಬೇರೆ ಸ್ಪೆಷಲ್ ಕ್ಲಾಸಿನಲ್ಲಿ ಕೂರಿಸಬೇಕಂತೆ. ಉಳಿದ ಮಕ್ಕಳ ಜೊತೆ ಬೆರೆಯುವುದಿಲ್ಲ ಅಂತ ರಿಪೋರ್ಟು. ಹಾಡಿಗೆ ಚಪ್ಪಾಳೆ ತಟ್ಟಿದಳು, ಪಕ್ಕದ ಹುಡುಗಿಗೆ ಪೆನ್ಸಿಲ್ ಕೊಟ್ಟಳು ಅಂತ ಪೀಟರ್ಸನ್ ಆಗಾಗ ಬರೆದು ಕಳಿಸುತ್ತಿದ್ದರಲ್ಲ, ಅದನ್ನೆಲ್ಲ ಅಲ್ಲಿ ಹೇಳುವವರು ಯಾರು?

ಆಗ ಹಿಂದಿನ ಬೀದಿಯ ಪ್ರತಿಭಾ ನೆನಪಾದರು. ತಮ್ಮ ಮಗನಿಗಾಗಿ ಇಂಥ ಎಷ್ಟೋ ಮೀಟಿಂಗುಗಳಲ್ಲಿ ಕೂತು ಪಳಗಿದವರು. ‘ಕ್ಲಾಸ್ ಟೀಚರ್ ಇರ್ಲೇಬೇಕು ಕಣ್ರೀ, ಅದು ಲಾ. ನೀವು ಬರ್ದು ಒಪ್ಕೊಂಡ್ರೆ ಮಾತ್ರ ಅವ್ರು ತಪ್ಪಿಸ್ಕೋಬಹುದು. ಅದ್ರಲ್ಲೂ ಅವ್ರ ಕ್ಲಾಸಿನ ವಿಷಯಾನೇ ಡಿಸ್ಕಸ್ ಆಗೋದಾದ್ರೆ, ಅವ್ರು ಏನ್ ಹೇಳ್ತಾರೋ ಅದು ಮೊದ್ಲೇ ರೈಟಿಂಗಲ್ಲಿ ನಿಮ್ಮ ಕೈಗೆ ಬಂದಿರ್ಬೇಕು’ ಅಂದಿದ್ದರು. ಅದನ್ನೇ ಕೇಳಿದೆ. ಸಹಿ ಇದೆ, ಸರಿ, ಟೀಚರ್ ಬರೆದುಕೊಟ್ಟಿದ್ದು ಎಲ್ಲಿ? ಕೋಆರ್ಡಿನೇಟರ್ ಲ್ಯಾಪ್‌ಟಾಪಿನಲ್ಲಿ ತಡಕಾಡಿದರು. ಪೀಟರ್ಸನ್ ಏನನ್ನೂ ಬರೆದುಕೊಟ್ಟಿರಲಿಲ್ಲ. ಹಾಗಾದರೆ ಅವರು ಬರುವವರೆಗೆ ಈ ಮಾತೇ ಬೇಡ ಅಂದೆ. ಶುಕ್ರವಾರ ಬೆಳಿಗ್ಗೆಗೆ ಮುಂದೂಡಿದ್ದಾರೆ. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಇನ್ನು ಮೇಲೆ ಸ್ಕೂಲಿನಿಂದ ಏನೇ ಬರಲಿ, ನನ್ನನ್ನು ಕೇಳದೆ ಬೆರಳು ತಾಗಿಸಬೇಡ. ಪೀಟರ್ಸನ್ ಬಂದು ತಾವು ಕಂಡದ್ದನ್ನು ಹೇಳಿದರೆ ಸಾಕು, ಮೈತ್ರಿಯನ್ನು ಯಾರೂ ಅಲುಗಾಡಿಸುವುದಿಲ್ಲ. ಅತ್ತೆಗೆ ನನ್ನ ನಮಸ್ಕಾರ ಹೇಳು. ನಿನಗೆ ಮೈತ್ರಿಯ ಕಡೆಯಿಂದ ಒಂದು ಮುತ್ತು, ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ಸಿಟ್ಟು ಇನ್ನೂ ಇಳಿಯದ
ನಿನ್ನ ಅನುಶ್ರೀ

ತಾ.ಕ.: ಕಳಿಸುವಷ್ಟರಲ್ಲಿ ಪೀಟರ್ಸನ್ ಕಾಲ್ ಮಾಡಿದರು. ಮೀಟಿಂಗಿನಿಂದ ಬಿಡಿಸಿ ಅಂತ ಸ್ಕೂಲಿನವರನ್ನು ಕೇಳಿಕೊಂಡಿದ್ದು ಅವರೇ ಅಂತೆ. ಮಧ್ಯಾಹ್ನವಾದರೆ ಮೈತ್ರಿ ಮೇಜಿನ ಕೆಳಗೆ ಸೇರಿಕೊಂಡು ಅಳುತ್ತಾಳಂತೆ. ಸ್ಪೆಷಲ್ ಕ್ಲಾಸೇ ಅವಳಿಗೆ ಒಳ್ಳೆಯದು ಅಂತ ಅವರಿಗೂ ಅನಿಸಿದೆ, ನಮ್ಮ ಮುಖ ನೋಡಿಕೊಂಡು ಹೇಳಲಾಗಲಿಲ್ಲವಂತೆ. ನೀವು ಬೇಡ ಅಂದರೆ ಶುಕ್ರವಾರವೂ ಬರುವುದಿಲ್ಲ ಅಂದರು. ‘ಬೇಡ’ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ಬನ್ನಿ ಅಂದೆ. ಆ ಹೊತ್ತಿಗೆ ನಿನಗೆ ರಾತ್ರಿಯಾಗಿರುತ್ತದೆ, ಮಲಗಬೇಡ, ವಿಡಿಯೊದಲ್ಲಿ ಬಾ. ಅವರ ಬಾಯಲ್ಲಿ ಅದನ್ನು ನಾನೊಬ್ಬಳೇ ಕೂತು ಕೇಳಲಾರೆ.